ಸೊಳ್ಳೆಗೆ ನಮ್ಮ ಮೈಸೂರಿನ ಹೆಸರು ಇಟ್ಟವರು ಯಾರು? ಹಾಗೇ ಫಾಗಿಂಗ್ ಬಗ್ಗೆ ಒಂದು ಪ್ರಶ್ನೆ

ತೊಟ್ಟಿಮನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ನಮ್ಮ ಬೀದಿಗೆ ಹೊಗೆ ಗಾಡಿ ಬಂದಿತ್ತು. ಬೀದಿ ತುಂಬಾ ಬಿಳಿ ಹೊಗೆ, ಡೀಸೆಲ್ ವಾಸನೆ, ಗಾಡಿ ಹಿಂದೆ ಮಕ್ಕಳ ಓಟ. ನಾವು ಬಾಗಿಲು ಕಿಟಕಿ ಹಾಕಿಕೊಂಡು ಒಳಗೆ ಕೂತೆವು. ಇವತ್ತು ಬೆಳಿಗ್ಗೆ ಜಗಲಿ ಮೇಲೆ ಪೇಪರ್ ಹಿಡಿದು ಕೂತರೆ ಕಾಲಿಗೆ ಮತ್ತೆ ಅದೇ ಕಡಿತ. ಕಳೆದ ವರ್ಷ ಮಗಳಿಗೆ ಡೆಂಗಿ ಬಂದಾಗ ಐದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದವನು ನಾನು. ಹಾಗಾಗಿ ಸೊಳ್ಳೆ ಅಂದರೆ ಸ್ವಲ್ಪ ಜಾಸ್ತಿನೇ ಕೋಪ.

ಆ ಕೋಪದಲ್ಲಿ ರಾತ್ರಿ ಏನೇನೋ ಓದುತ್ತಿದ್ದಾಗ ‘ಅನಾಫಿಲಿಸ್ ಸ್ಟೀಫೆನ್ಸಿ ಮೈಸೊರೆನ್ಸಿಸ್’ ಎಂಬ ಹೆಸರು ಕಣ್ಣಿಗೆ ಬಿತ್ತು. ಮೈಸೂರು ಪಾಕ್ ಗೊತ್ತು, ಮೈಸೂರು ವೀಳ್ಯದೆಲೆ ಗೊತ್ತು. ಮೈಸೂರು ಸೊಳ್ಳೆ? ಇದು ಯಾರ ಕೆಲಸ? ಇನ್ನೊಂದು, ಈ ಹೊಗೆ ಹೊಡೆಯುವುದರಿಂದ ನಿಜವಾಗಿ ಏನಾದರೂ ಆಗುತ್ತಾ, ಇಲ್ಲಾ ಸುಮ್ನೆ ತೋರಿಕೆಯಾ? ಗೊತ್ತಿದ್ದವರು ಹೇಳಿ.

ಚುಕ್ಕಿರೆಕ್ಕೆ (ಮೈಸೂರು)

ಹೆಸರಿನ ಪ್ರಶ್ನೆ ನನಗೆ ಬಿಡಿ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಮೂರು ವರ್ಷ ಸೊಳ್ಳೆ ಸಾಕುವ ಕೆಲಸ ಮಾಡಿದ್ದೇನೆ. ನಗಬೇಡಿ, ಅದಕ್ಕೂ ಸಂಬಳ ಇದೆ.

ಆಗಿನ ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಕೆಲಸಕ್ಕೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೈ ಜೋಡಿಸಿತ್ತು. ಆ ಕಡೆಯಿಂದ ಬಂದ ಸ್ವೀಟ್ ಎಂಬವರು, ನಮ್ಮ ಕಡೆಯ ಬಿ.ಎ. ರಾವ್ ಎಂಬವರು, ಇಬ್ಬರೂ ಸೇರಿ 1937ರಲ್ಲಿ ಒಂದು ಲೇಖನ ಬರೆದರು. ಅವರು ನೋಡಿದ್ದು ಸೊಳ್ಳೆಯನ್ನಲ್ಲ, ಅದರ ಮೊಟ್ಟೆಯನ್ನು. ಅನಾಫಿಲಿಸ್ ಅಂದರೆ ಮಲೇರಿಯಾ ಹರಡುವ ಸೊಳ್ಳೆಗಳ ಕುಲ, ಅದರ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ ಇರುತ್ತದೆ, ಪುಟ್ಟ ದೋಣಿಯ ಹಾಗೆ. ಎರಡೂ ಪಕ್ಕದಲ್ಲಿ ಗಾಳಿ ತುಂಬಿದ ಚೀಲದಂಥದ್ದು ಇರುತ್ತದೆ, ಅದರಿಂದಲೇ ಅದು ನೀರಿನ ಮೇಲೆ ತೇಲುವುದು. ಆ ಚೀಲದ ಮೇಲೆ ಗೀರು ಗೀರಾಗಿ ಏಣುಗಳಿರುತ್ತವೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಅವನ್ನು ಒಂದೊಂದಾಗಿ ಎಣಿಸಬೇಕು. ಒಂದು ಬಗೆಯಲ್ಲಿ ಏಣು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಕಡಿಮೆ ಇರುವುದಕ್ಕೆ ಮೈಸೊರೆನ್ಸಿಸ್ ಎಂದು ಹೆಸರಿಟ್ಟರು.

ಆಮೇಲೆ ಐವತ್ತು ವರ್ಷ ಬಿಟ್ಟು, 1987ರಲ್ಲಿ, ಸರಳಾ ಸುಬ್ಬರಾವ್ ಎಂಬ ತಳಿವಿಜ್ಞಾನಿ ತಂಡ ಕಟ್ಟಿಕೊಂಡು ಮತ್ತೆ ಏಣು ಎಣಿಸಿದರು. ಎರಡಲ್ಲ, ಮೂರು ಬಗೆ ಇದೆ ಎಂದು ತೋರಿಸಿದರು. 14ರಿಂದ 22 ಏಣು ಇರುವುದು ಊರ ಪೇಟೆಯ ಸೊಳ್ಳೆ. 9ರಿಂದ 15 ಇರುವುದು ಮೈಸೊರೆನ್ಸಿಸ್, ಇದು ಹಳ್ಳಿಯದು. ನಡುವೆ ಇನ್ನೊಂದು. ಇದರಲ್ಲಿ ಮಲೇರಿಯಾ ಹರಡುವುದರಲ್ಲಿ ಪಳಗಿದ್ದು ಪೇಟೆ ಸೊಳ್ಳೆ. ನಮ್ಮ ಹೆಸರಿಟ್ಟುಕೊಂಡಿರುವುದು ದನದ ರಕ್ತಕ್ಕೆ ಹೋಗುವುದೇ ಹೆಚ್ಚು, ನಮ್ಮ ದೇಶದಲ್ಲಿ ಅದರಿಂದ ಮಲೇರಿಯಾ ಹರಡುವುದು ತೀರಾ ಕಡಿಮೆ. ಅಂದರೆ ಮೈಸೂರಿನ ಮರ್ಯಾದೆ ಉಳಿದಿದೆ.

ತೊಟ್ಟಿಮನೆ (ಮಂಡ್ಯ)

ಅಕ್ಕಾ (ಅಕ್ಕ ತಾನೇ?), ತಿಳಿದು ಖುಷಿಯಾಯಿತು. ಆದರೆ ಮೊಟ್ಟೆ ಮೇಲಿನ ಗೀರು ಎಣಿಸಿ ಯಾರಿಗೆ ಏನು ಉಪಯೋಗ? ನನ್ನ ಮಗಳ ಪ್ಲೇಟ್‌ಲೆಟ್ ಇಳಿಯುತ್ತಿದ್ದಾಗ ಯಾವನೋ ಎಲ್ಲೋ ಗೀರು ಎಣಿಸುತ್ತಿದ್ದ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಚುಕ್ಕಿರೆಕ್ಕೆ (ಮೈಸೂರು)

ಅಕ್ಕನೇ. ಬೇಜಾರಿಲ್ಲ, ನಮ್ಮ ಅಮ್ಮನೂ ಇದನ್ನೇ ಕೇಳುತ್ತಿದ್ದರು.

ಉಪಯೋಗ ಏನೆಂದರೆ, ಯಾವ ಸೊಳ್ಳೆ ಎಂದು ಗೊತ್ತಿಲ್ಲದೆ ಎಲ್ಲಿ ಹೊಡೆಯಬೇಕು ಎಂದು ಗೊತ್ತಾಗುವುದಿಲ್ಲ. ಸ್ಟೀಫೆನ್ಸಿ ನಮ್ಮ ಕಡೆಯ ಸೊಳ್ಳೆ, ಆಫ್ರಿಕಾದ್ದಲ್ಲ. 2012ರಲ್ಲಿ ಅದು ಜಿಬೂಟಿಯಲ್ಲಿ ಸಿಕ್ಕಿತು, ಆಮೇಲೆ ಇಥಿಯೋಪಿಯಾದಲ್ಲಿ. ಅಲ್ಲಿ ಮಲೇರಿಯಾ ಎಂದರೆ ಹಳ್ಳಿ ಕಾಯಿಲೆ. ಇದೊಂದು ಸೊಳ್ಳೆ ಮಾತ್ರ ಪಟ್ಟಣದ ನೀರಿನ ಟ್ಯಾಂಕು, ಕಟ್ಟಡ ಕೆಲಸದ ತೊಟ್ಟಿಗಳಲ್ಲಿ ಮರಿ ಮಾಡುತ್ತದೆ. ಹಳ್ಳಿಯಲ್ಲಿ ಸೊಳ್ಳೆಪರದೆ ಹಂಚಿ ಕೂತಿದ್ದವರಿಗೆ ಪಟ್ಟಣದ ಮಾಳಿಗೆ ಹತ್ತಿ ಟ್ಯಾಂಕಿನ ಮುಚ್ಚಳ ನೋಡುವ ಕೆಲಸ ಬಂತು. ಗೀರು ಎಣಿಸಿದವರು ಮೊದಲೇ ಬರೆದಿಟ್ಟಿದ್ದ ವಿಷಯ ಅದು.

ನಿಮ್ಮ ಮಗಳಿಗೆ ಕಚ್ಚಿದ್ದು ಇದ್ಯಾವುದೂ ಅಲ್ಲ, ಅದು ಡೆಂಗಿ ಹರಡುವ ಈಡಿಸ್ ಸೊಳ್ಳೆ. ಅದರ ಜಾತಕವೇ ಬೇರೆ. ಫಾಗಿಂಗ್ ಬಗ್ಗೆ ಊಟ ಮಾಡಿ ಬಂದು ಬರೆಯುತ್ತೇನೆ.

ನಾಲೆ ಏರಿ (ಪಾಂಡವಪುರ ತಾಲ್ಲೂಕು)

ಅಕ್ಕ ಊಟ ಮಾಡಿ ಬರುವಷ್ಟರಲ್ಲಿ ನನ್ನದೊಂದು ಕಥೆ. ನಮ್ಮ ತಾತ ವಿಸಿ (ವಿಶ್ವೇಶ್ವರಯ್ಯ) ನಾಲೆಯನ್ನು ಸಾಯುವವರೆಗೂ ಇರ್ವಿನ್ ನಾಲೆ ಎಂದೇ ಕರೆದರು. ಕನ್ನಂಬಾಡಿ ನೀರು ಬಂದ ಮೇಲೆ ರಾಗಿ ಹೊಲ ಭತ್ತದ ಗದ್ದೆಯಾಯಿತು, ಕಬ್ಬು ಬಂತು, ದುಡ್ಡು ಬಂತು, ಜೊತೆಗೆ ಚಳಿಜ್ವರವೂ ಬಂತು ಎನ್ನುತ್ತಿದ್ದರು. ಒಂದು ಮನೆಯಲ್ಲಿ ನಾಲ್ಕು ಜನ ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದರೆ ನಾಟಿಗೆ ಆಳು ಎಲ್ಲಿಂದ ತರೋದು? ಕ್ವಿನೈನ್ ಮಾತ್ರೆಯ ಕಹಿ ಬಗ್ಗೆ ಹೇಳುವಾಗ ಎಂಬತ್ತು ವರ್ಷದ ಮುದುಕ ಮುಖ ಕಿವುಚುತ್ತಿದ್ದರು. ನಾವು ವಿಶ್ವೇಶ್ವರಯ್ಯನವರ ಫೋಟೊ ಗೋಡೆ ಮೇಲೆ ಹಾಕಿಕೊಂಡಿದ್ದೇವೆ, ಹಾಕಿಕೊಳ್ಳಲೇಬೇಕು. ಆದರೆ ನೀರಿನ ಹಿಂದೆ ಸೊಳ್ಳೆ ಬಂದ ಕಥೆಯನ್ನು ಯಾರೂ ಹೇಳುವುದಿಲ್ಲ.

ಚುಕ್ಕಿರೆಕ್ಕೆ (ಮೈಸೂರು)

ಅಣ್ಣಾ, ನಿಮ್ಮ ತಾತ ಹೇಳಿದ್ದು ಬರೀ ನೆನಪಲ್ಲ. ಇರ್ವಿನ್ ನಾಲೆ ಪ್ರದೇಶದ ಮಲೇರಿಯಾ ಬಗ್ಗೆ ಆಗಲೇ ಸಂಶೋಧನೆ ನಡೆದಿತ್ತು. ಅಲ್ಲಿ ಮುಖ್ಯ ಆರೋಪಿ ಕ್ಯೂಲಿಸಿಫೇಸಿಸ್ ಎಂಬ ಇನ್ನೊಂದು ಅನಾಫಿಲಿಸ್. ಅದರಲ್ಲೂ ಎ, ಬಿ, ಸಿ, ಡಿ, ಇ ಎಂದು ಐದು ಜನ ಒಡಹುಟ್ಟಿದವರಿದ್ದಾರೆ, ಕಣ್ಣಿಗೆ ಎಲ್ಲರೂ ಒಂದೇ. ಬಿ ಪಾಪದ್ದು, ಇ ಕಿಲಾಡಿ. ಅದನ್ನು ಬಿಡಿಸಿ ಹೇಳಿದ್ದರಲ್ಲೂ ಸರಳಾ ಸುಬ್ಬರಾವ್ ಅವರ ಪಾಲು ದೊಡ್ಡದು.

ಈಗ ಹೊಗೆ ವಿಷಯ. ಹೊಗೆ ಹಾರುತ್ತಿರುವ ದೊಡ್ಡ ಸೊಳ್ಳೆಗೆ ತಾಗಿದರೆ ಮಾತ್ರ ಅದು ಸಾಯುತ್ತದೆ. ಮೊಟ್ಟೆಗೆ, ನೀರಿನಲ್ಲಿರುವ ಲಾರ್ವಾಗೆ ಏನೂ ಆಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಹಗಲು ಕಚ್ಚುತ್ತದೆ, ಉಳಿದ ಹೊತ್ತು ಮನೆ ಒಳಗೆ ಮಂಚದ ಕೆಳಗೆ, ಬಟ್ಟೆ ನೇತುಹಾಕಿದ ಗೂಟದ ಹಿಂದೆ ಕೂತಿರುತ್ತದೆ. ಗಾಡಿ ಬಂದಾಗ ನೀವು ಏನು ಮಾಡಿದಿರಿ? ಬಾಗಿಲು ಹಾಕಿಕೊಂಡಿರಿ. ಸೊಳ್ಳೆಯೂ ನೀವೂ ಒಳಗೆ ಕ್ಷೇಮ, ಹೊಗೆ ಹೊರಗೆ. ಡೆಂಗಿ ಹಬ್ಬಿರುವ ಬೀದಿಯಲ್ಲಿ ವೈರಸ್ ತುಂಬಿಕೊಂಡ ಸೊಳ್ಳೆಯನ್ನು ಬೇಗ ಕೊಲ್ಲಲು ಮನೆಯೊಳಗೆ ಹೊಡೆಯುವುದಕ್ಕೆ ಒಂದು ಅರ್ಥ ಇದೆ. ಚರಂಡಿ ಪಕ್ಕ ಗಾಡಿ ಓಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ.

ಗುಲಾಬಿ ಸೀರೆ

ನಾನು ಆಶಾ ಕಾರ್ಯಕರ್ತೆ. ಊರು ಹೇಳುವುದಿಲ್ಲ, ಹೇಳಿದರೆ ನಾಳೆ ಫೋನ್ ಬರುತ್ತದೆ.

ಅಕ್ಕ ಹೇಳಿದ್ದು ಸರಿ. ನಾವು ಟಾರ್ಚ್ ಹಿಡಿದು ಮನೆ ಮನೆಗೆ ಹೋಗುತ್ತೇವಲ್ಲ ಲಾರ್ವಾ ಸರ್ವೆಗೆ, ಚರಂಡಿಯಲ್ಲಿ ಈಡಿಸ್ ಮರಿ ಸಿಗುವುದೇ ಅಪರೂಪ. ಸಿಗುವುದು ಎಲ್ಲಿ ಗೊತ್ತಾ? ಫ್ರಿಜ್ಜಿನ ಹಿಂದಿನ ತಟ್ಟೆ. ಕೂಲರ್. ಮನಿಪ್ಲಾಂಟ್ ಬಾಟಲಿ. ಮಾಳಿಗೆ ಮೇಲೆ ಬಿಸಾಕಿದ ಟೈರು, ಎಳನೀರು ಬುರುಡೆ, ಹಿತ್ತಿಲ ಕಲ್ಲುತೊಟ್ಟಿ. ನೀಟಾಗಿರುವ ಮನೆಯಲ್ಲೇ ಜಾಸ್ತಿ, ಯಾಕೆಂದರೆ ಅದಕ್ಕೆ ಒಳ್ಳೆಯ ನೀರೇ ಬೇಕು. ‘ನಮ್ಮ ಮನೆಯಲ್ಲಿ ಸೊಳ್ಳೆನಾ? ಪಕ್ಕದವರ ಮನೆ ನೋಡಿ ಹೋಗಿ’ ಅಂತಾರೆ. ಪಕ್ಕದ ಮನೆಯವರು ಇವರ ಮನೆ ತೋರಿಸುತ್ತಾರೆ.

2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸರ್ಕಾರ ಘೋಷಿಸಿದ ಮೇಲೆ ದಂಡವೂ ಬಂತು, ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ. ದಿನಾ ಎದುರು ಸಿಗುವ ಜನರ ಹತ್ತಿರ ದಂಡದ ಮಾತು ಎತ್ತುವುದು ಹೇಗೆ, ನೀವೇ ಹೇಳಿ.

ಇನ್ನೊಂದು ಮಾತು ತೊಟ್ಟಿಮನೆ ಅಣ್ಣನಿಗೆ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಬೇಕು. ಮೊಟ್ಟೆ ಗೋಡೆಗೆ ಅಂಟಿರುತ್ತದೆ.

ಚುಕ್ಕಿರೆಕ್ಕೆ (ಮೈಸೂರು)

ಇದನ್ನು ದಪ್ಪಕ್ಷರದಲ್ಲಿ ಹಾಕಬೇಕು. ಈಡಿಸ್ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬೇಸಿಗೆಯೆಲ್ಲಾ ಒಣಗಿ ಕೂತಿದ್ದು ಮೊದಲ ಮಳೆ ನೀರು ತಾಗಿದರೆ ಮರಿ. ಅಲ್ಲಿಂದ ಏಳೆಂಟು ದಿನ, ಹತ್ತು ದಿನಕ್ಕೆ ರೆಕ್ಕೆ. ವಾರಕ್ಕೊಮ್ಮೆ ತೊಳೆಯಿರಿ ಎನ್ನುವುದು ಈ ಲೆಕ್ಕದಿಂದಲೇ ಬಂದಿದ್ದು.

ತೊಟ್ಟಿಮನೆ (ಮಂಡ್ಯ)

ಎಲ್ಲಾ ಸರಿ. ಆದರೆ ನಲ್ಲಿಯಲ್ಲಿ ನೀರು ದಿನಾ ಬಂದರೆ ಡ್ರಮ್ ತುಂಬಿಡುವ ಕರ್ಮ ನಮಗೇಕೆ? ಬೇಸಿಗೆಯಲ್ಲಿ ನಮ್ಮ ಕಡೆ ಮೂರು ದಿನಕ್ಕೊಮ್ಮೆ ಬಿಟ್ಟರೆ ಪುಣ್ಯ. ಆ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜು ಎಂದರೆ ಮನೆಯವಳು ನನ್ನನ್ನೇ ಉಜ್ಜುತ್ತಾಳೆ.

ಗುಲಾಬಿ ಸೀರೆ

ಚೆಲ್ಲಬೇಡಿ ಅಣ್ಣ. ಹಳೇ ಪಂಚೆ ಕಟ್ಟಿ ಬಿಗಿಯಾಗಿ ಮುಚ್ಚಿ. ಸೊಳ್ಳೆ ಒಳಗೆ ಹೋಗದಿದ್ದರೆ ಮೊಟ್ಟೆ ಎಲ್ಲಿಡುತ್ತೆ? ಡ್ರಮ್ ಖಾಲಿಯಾದ ದಿನ ಉಜ್ಜಿ.

ರಕ್ತಪರೀಕ್ಷೆ

ಲ್ಯಾಬಿನವನು. ಚಿಕ್ಕದಾಗಿ ಹೇಳಿ ಹೋಗುತ್ತೇನೆ. ಜ್ವರ ಬಂದ ಮೊದಲ ಐದು ದಿನದೊಳಗೆ ಎನ್‌ಎಸ್‌1 ಪರೀಕ್ಷೆ (ರಕ್ತದಲ್ಲಿ ಡೆಂಗಿ ವೈರಸ್‌ನ ಪ್ರೋಟೀನ್ ಹುಡುಕುವುದು), ಆಮೇಲಾದರೆ ಐಜಿಎಂ (ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕುವುದು). ಮೊದಲ ದಿನವೇ ಬಂದು ಐಜಿಎಂ ಮಾಡಿ ಎಂದು ಹಟ ಹಿಡಿದರೆ ಇಲ್ಲ ಅಂತಲೇ ಬರುತ್ತದೆ. ವೈದ್ಯರನ್ನು ಕೇಳದೆ ಮೈಕೈ ನೋವಿಗೆ ಬ್ರೂಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಇದೆ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ, ಒಂದು ಬಂದು ಹೋದವರಿಗೆ ಬೇರೆಯದು ಬಂದರೆ ಎರಡನೇ ಸಲ ಜಾಸ್ತಿ ಜೋರಾಗಬಹುದು. ತೊಟ್ಟಿಮನೆಯವರೇ, ಮಗಳ ವಿಷಯದಲ್ಲಿ ಇದು ನೆನಪಿರಲಿ.

ಹುಳದಮನೆ (ಮಳವಳ್ಳಿ)

ನಾವು ರೇಷ್ಮೆಯವರು. ಹುಳ ಹಣ್ಣಾಗುವ ಹೊತ್ತಿಗೆ ಊರಿಗೆ ಔಷಧಿ ಹೊಡೆಯುವವರು ಬಂದರೆ ನಾವೇ ಬಾಗಿಲಲ್ಲಿ ಅಡ್ಡ ನಿಲ್ಲುತ್ತೇವೆ. ಸೊಳ್ಳೆ ಸಾಯುತ್ತೋ ಇಲ್ಲವೋ, ಹುಳ ಅಂತೂ ಒಂದೂ ಉಳಿಯುವುದಿಲ್ಲ. ನಲವತ್ತು ಐವತ್ತು ಸಾವಿರದ ಬೆಳೆ. ಒಂದು ಸಲ ಪಕ್ಕದ ಮನೆಯವರು ಸೊಳ್ಳೆ ಬತ್ತಿ ಹಚ್ಚಿಟ್ಟಿದ್ದಕ್ಕೇ ನಮ್ಮಪ್ಪ ಜಗಳ ತೆಗೆದಿದ್ದರು. ನಮ್ಮಂಥವರಿಗೆ ನಿಮ್ಮ ವಿಜ್ಞಾನಿಗಳು ಏನು ಹೇಳುತ್ತಾರೆ?

ಚುಕ್ಕಿರೆಕ್ಕೆ (ಮೈಸೂರು)

ಒಳ್ಳೇ ಪ್ರಶ್ನೆ ಕೇಳಿದಿರಿ. ಇದಕ್ಕೆ ನಮ್ಮ ರಾಜ್ಯದಲ್ಲೇ ಉತ್ತರ ಹುಡುಕಿದ್ದಾರೆ. ಮಲೇರಿಯಾ ಸಂಶೋಧನಾ ಕೇಂದ್ರಕ್ಕೆ ಬೆಂಗಳೂರಿನಲ್ಲಿ ಒಂದು ಕ್ಷೇತ್ರ ಕೇಂದ್ರ ಇತ್ತು. ಅಲ್ಲಿನ ಎಸ್.ಕೆ. ಘೋಷ್ ಮತ್ತು ಅವರ ತಂಡ ಕರ್ನಾಟಕದ ಹಳ್ಳಿಗಳಲ್ಲಿ ಔಷಧಿ ಬದಲು ಮೀನು ಬಿಟ್ಟರು. ಬಾವಿಗೆ ಗಪ್ಪಿ, ಹಳ್ಳಕ್ಕೆ ಗ್ಯಾಂಬೂಸಿಯಾ. ನೀವು ಹೇಳಿದ ಕಷ್ಟ ಅವರಿಗೂ ಎದುರಾಗಿತ್ತು, ರೇಷ್ಮೆ ಊರಿನಲ್ಲಿ ಸ್ಪ್ರೇ ನಡೆಯುವುದಿಲ್ಲ. ಬಾವಿಯಲ್ಲಿ ಮರಿ ಮಾಡುತ್ತಿದ್ದ ಕ್ಯೂಲಿಸಿಫೇಸಿಸ್ ಮೀನು ಬಿಟ್ಟ ಊರುಗಳಲ್ಲಿ ಇಳಿಯಿತು, ಮಲೇರಿಯಾವೂ ಇಳಿಯಿತು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಬೇರೆ. ಬಾವಿ ನೀರು ಕುಡಿಯುವ ಜನ ಸುಮ್ನೆ ಮೀನು ಬಿಡಲು ಒಪ್ಪುತ್ತಾರಾ? 2001ರ ಡಿಸೆಂಬರಿನಲ್ಲಿ ತುಮಕೂರು ಜಿಲ್ಲೆಯಲ್ಲಿ ಇವರು ಕಲಾಜಾಥಾ ಮಾಡಿಸಿದರು. ಹಾಡು, ನಾಟಕ, ತಮಟೆ. ಆಮೇಲೆ ಜನರಿಗೆ ಎಷ್ಟು ತಿಳಿಯಿತು ಎಂದು ಅಳತೆಯನ್ನೂ ಮಾಡಿ ‘ಮಲೇರಿಯಾ ಜರ್ನಲ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಬೀದಿನಾಟಕವನ್ನು ಪ್ರಯೋಗಾಲಯದಷ್ಟೇ ಗಂಭೀರವಾಗಿ ತೆಗೆದುಕೊಂಡ ವಿಜ್ಞಾನಿಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಗ್ಯಾಂಬೂಸಿಯಾವನ್ನು ಕೆರೆಗೆ ಬಿಡಬೇಡಿ. ಅದು ನಮ್ಮ ಊರ ಮೀನಿನ ಮೊಟ್ಟೆ ಮರಿಯನ್ನೂ ಮುಕ್ಕುತ್ತದೆ. ಮನೆ ತೊಟ್ಟಿಗೆ ನಾಲ್ಕು ಗಪ್ಪಿ ಸಾಕು, ಅವು ಮೊಟ್ಟೆ ಇಡದೆ ನೇರ ಮರಿ ಹಾಕುತ್ತವೆ, ಎರಡು ತಿಂಗಳಲ್ಲಿ ನೀವೇ ಪಕ್ಕದ ಮನೆಗೆ ಹಂಚುತ್ತೀರಿ.

ಕುವೆಂಪುನಗರ ವಾಸಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೀನು, ನಾಟಕ ಎಲ್ಲಾ ಚೆಂದ. ಈಗ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ತುಂಬಿದ ಸೊಳ್ಳೆ ಬೆಳೆಸಿ ಊರಿಗೆ ಬಿಡುತ್ತಾರಂತೆ. ಸೊಳ್ಳೆ ಕಡಿಮೆ ಮಾಡಿ ಎಂದರೆ ಸೊಳ್ಳೆ ಬಿಡುತ್ತಾರೆ! ಇದರ ಹಿಂದೆ ಯಾರ ದುಡ್ಡಿದೆ ಎಂದು ಯಾರೂ ಕೇಳುವುದಿಲ್ಲ, ಅಲ್ವಾ?

ಚುಕ್ಕಿರೆಕ್ಕೆ (ಮೈಸೂರು)

ಕೇಳಬೇಕು ಸರ್, ಕೇಳಿದ್ದಾರೆ ಕೂಡ. 1970ರ ಆಸುಪಾಸಿನಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೂಡ ಸೇರಿ ಗಂಡು ಸೊಳ್ಳೆಗಳನ್ನು ಬಂಜೆ ಮಾಡಿ ಬಿಡುವ ಕೆಲಸ ಮಾಡುತ್ತಿದ್ದವು. ಹಣ ಅಮೆರಿಕದ್ದು. ಪತ್ರಿಕೆಗಳಲ್ಲಿ ಇದು ಜೈವಿಕ ಯುದ್ಧದ ತಯಾರಿ ಎಂದು ಬಂತು, ಸಂಸತ್ತಿನವರೆಗೂ ಹೋಯಿತು. 1975ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಈಡಿಸ್ ಬಿಡುವ ಮೊದಲೇ ಎಲ್ಲಾ ನಿಂತುಹೋಯಿತು. ನನ್ನ ಅಭಿಪ್ರಾಯ ಕೇಳಿದರೆ, ವಿಜ್ಞಾನದಲ್ಲಿ ಮೋಸ ಇರಲಿಲ್ಲ, ಜನರಿಗೆ ಮೊದಲೇ ಬಿಡಿಸಿ ಹೇಳದೇ ಇದ್ದದ್ದು ತಪ್ಪು. ತುಮಕೂರಿನ ತಮಟೆಯವರು ಆ ತಪ್ಪು ಮಾಡಲಿಲ್ಲ.

ನೀವು ಹೇಳಿದ್ದು ವೊಲ್ಬಾಕಿಯಾ. ಅದು ಎಷ್ಟೋ ಕೀಟಗಳ ಮೈಯಲ್ಲಿ ತಾನಾಗೇ ಇರುವ ಬ್ಯಾಕ್ಟೀರಿಯಾ, ಡೆಂಗಿ ಹರಡುವ ಈಡಿಸ್‌ನಲ್ಲಿ ಮಾತ್ರ ಇರಲಿಲ್ಲ. ಆಸ್ಟ್ರೇಲಿಯಾದ ಸ್ಕಾಟ್ ಓ’ನೀಲ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೂತು ಸೂಜಿಯಿಂದ ಅದನ್ನು ಈಡಿಸ್ ಮೊಟ್ಟೆಗೆ ಸೇರಿಸಿದರು. ಅದು ಇದ್ದರೆ ಸೊಳ್ಳೆಯೊಳಗೆ ಡೆಂಗಿ ವೈರಸ್ ಬೆಳೆಯುವುದು ಕಷ್ಟ. ತಾಯಿಯಿಂದ ಮರಿಗೆ ಹೋಗುತ್ತದೆ, ಹಾಗಾಗಿ ಕೆಲವು ತಿಂಗಳು ಬಿಟ್ಟರೆ ಊರ ಸೊಳ್ಳೆಗಳಲ್ಲೆಲ್ಲಾ ಅದೇ ತುಂಬಿಕೊಳ್ಳುತ್ತದೆ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಊರನ್ನು ಭಾಗ ಮಾಡಿ, ಅರ್ಧ ಕಡೆ ಬಿಟ್ಟು ಅರ್ಧ ಕಡೆ ಬಿಡದೆ ನೋಡಿದರು. ಬಿಟ್ಟ ಕಡೆ ಡೆಂಗಿ ಶೇಕಡಾ 77ರಷ್ಟು ಕಡಿಮೆ. ಇದು 2021ರಲ್ಲಿ ಪ್ರಕಟವಾಯಿತು. ನಮ್ಮ ಪುದುಚೇರಿಯ ಐಸಿಎಂಆರ್ ಕೇಂದ್ರವೂ ಇಂಥ ತಳಿ ತಯಾರಿಸಿದೆ. ಅನುಮಾನ ಇಟ್ಟುಕೊಳ್ಳಿ, ತಪ್ಪಲ್ಲ. ಆದರೆ ವಾಟ್ಸಾಪಿನಲ್ಲಿ ಬಂದದ್ದನ್ನೂ ಅದೇ ಅನುಮಾನದಿಂದ ನೋಡಿ.

ಕುವೆಂಪುನಗರ ವಾಸಿ

ವಾಟ್ಸಾಪ್ ಎಂದು ಹೇಗೆ ಗೊತ್ತಾಯಿತು? ಇರಲಿ. ಯೋಗ್ಯಕರ್ತದ್ದು ಓದುತ್ತೇನೆ.

ಬೆಳ್ಳಕ್ಕಿ ಸಾಲು (ಮದ್ದೂರು)

ನಮ್ಮ ಕಡೆ ಮಿದುಳು ಜ್ವರದ ಹೆದರಿಕೆ ಹಳೆಯದು. ಚಿಕ್ಕವನಿದ್ದಾಗ ನಮ್ಮ ಪಕ್ಕದ ಬೀದಿಯ ಹುಡುಗ ಜ್ವರ ಬಂದು ಎರಡು ದಿನಕ್ಕೆ ಪ್ರಜ್ಞೆ ತಪ್ಪಿದ. ಬದುಕಿದ, ಆದರೆ ಆಮೇಲೆ ಮೊದಲಿನ ಹಾಗೆ ಮಾತಾಡಲೇ ಇಲ್ಲ. ಗದ್ದೆ ಸೊಳ್ಳೆ, ಹಂದಿ, ಹಕ್ಕಿ ಎಂದೆಲ್ಲಾ ಹೇಳುತ್ತಾರೆ. ಹತ್ತಿರದಲ್ಲೇ ಕೊಕ್ಕರೆ ಬೆಳ್ಳೂರು. ಆ ಹಕ್ಕಿಗಳಿಂದ ತೊಂದರೆ ಇದೆಯಾ? ಹೊರಗಿನವರು ಕೇಳಿದರೆ ಊರವರಿಗೆ ಸಿಟ್ಟು ಬರುತ್ತದೆ, ಅವರಿಗೆ ಅವು ತವರಿಗೆ ಬಂದ ಹೆಣ್ಣುಮಕ್ಕಳು.

ಚುಕ್ಕಿರೆಕ್ಕೆ (ಮೈಸೂರು)

ಇದು ಜಪಾನಿ ಮಿದುಳು ಜ್ವರ. ಇದರ ಸೊಳ್ಳೆಗಳ ಬಗ್ಗೆ ಮಂಡ್ಯ ಜಿಲ್ಲೆಯಲ್ಲೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಎಂದು ಹೆಸರು, ನಾಲಿಗೆ ಹೊರಳದಿದ್ದರೆ ಗದ್ದೆ ಸೊಳ್ಳೆ ಎನ್ನಿ. ವೈರಸ್ ಇರುವುದು ಬೆಳ್ಳಕ್ಕಿ, ಬಕದ ಜಾತಿಯ ಹಕ್ಕಿಗಳಲ್ಲಿ. ಕೊಕ್ಕರೆ ಬೆಳ್ಳೂರಿಗೆ ಹೆಸರು ತಂದ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಆ ಕುಟುಂಬದವಲ್ಲ. ಹೆಣ್ಣುಮಕ್ಕಳ ಮೇಲೆ ಅಪವಾದ ಬೇಡ. ವೈರಸ್ ಎದ್ದು ಹೆಚ್ಚುವುದು ಹಂದಿ ಮೈಯಲ್ಲಿ. ಮನುಷ್ಯನ ರಕ್ತದಲ್ಲಿ ಇನ್ನೊಂದು ಸೊಳ್ಳೆಗೆ ದಾಟುವಷ್ಟು ವೈರಸ್ ಇರುವುದಿಲ್ಲ. ಹಾಗಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಜೋರಾಗುತ್ತದೆ. ಆದರೆ ಜೋರಾದವರಲ್ಲಿ ನೂರಕ್ಕೆ ಮೂವತ್ತರವರೆಗೂ ಸಾವು. ಔಷಧಿ ಇಲ್ಲ, ಲಸಿಕೆ ಇದೆ. ಇದರಲ್ಲೂ ನಮ್ಮ ರಾಜ್ಯದ ಪಾಲಿದೆ ನೋಡಿ. ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ ಅನ್ನು ಪುಣೆಯ ಅದೇ ಸಂಸ್ಥೆ ಕಾಪಾಡಿ ಇಟ್ಟಿತ್ತು. ಅದರಿಂದಲೇ ಜೆನ್ವ್ಯಾಕ್ ಎಂಬ ಲಸಿಕೆ ತಯಾರಾಗಿ 2013ರಲ್ಲಿ ಹೊರಬಂತು.

ನಾಲೆ ಏರಿ (ಪಾಂಡವಪುರ ತಾಲ್ಲೂಕು)

ಹಾಗಾದರೆ ಗದ್ದೆಯಲ್ಲಿ ನೀರು ನಿಲ್ಲಿಸುವ ನಾವೇ ತಪ್ಪಿತಸ್ಥರು ಎಂದಾಯಿತು.

ಚುಕ್ಕಿರೆಕ್ಕೆ (ಮೈಸೂರು)

ಇಲ್ಲ ಅಣ್ಣ. ಮದುರೈನ ಐಸಿಎಂಆರ್ ಕೇಂದ್ರದ ವಿಜ್ಞಾನಿಗಳು ತಮಿಳುನಾಡಿನ ರೈತರ ಗದ್ದೆಗಳಲ್ಲೇ ಇದನ್ನು ಮಾಡಿ ನೋಡಿದರು. ನೀರು ಕಟ್ಟುವುದು, ಕೆಲವು ದಿನ ಬಿಟ್ಟು ಬಸಿಯುವುದು, ಮತ್ತೆ ಕಟ್ಟುವುದು. ಮರಿ ಬೆಳೆದು ರೆಕ್ಕೆ ಬರುವ ಮೊದಲೇ ನೆಲ ಒಣಗುತ್ತದೆ. ಯೂರಿಯಾ ಜೊತೆ ಬೇವಿನ ಹಿಂಡಿ ಬೆರೆಸಿ ಹಾಕಿದಾಗಲೂ ಮರಿ ಇಳಿಯಿತು. ನೀರೂ ಉಳಿಯುತ್ತದೆ, ಇಳುವರಿ ಕಮ್ಮಿಯಾಗುವುದಿಲ್ಲ.

ನಾಲೆ ಏರಿ (ಪಾಂಡವಪುರ ತಾಲ್ಲೂಕು)

ಹೇಳಲು ಸುಲಭ. ನಾಲೆಯಲ್ಲಿ ಕಟ್ಟು ಪದ್ಧತಿ, ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಇವತ್ತು ಬಸಿದು ಬಿಟ್ಟರೆ ನಾಳೆ ಮೇಲಿನವನು ತೂಬು ಬಿಡದಿದ್ದರೆ? ಅದಕ್ಕೇ ಸಿಕ್ಕಾಗ ತುಂಬಿಕೊಳ್ಳುತ್ತೇವೆ. ನಾನೊಬ್ಬ ಒಣಗಿಸಿ ಪಕ್ಕದವನು ತುಂಬಿಕೊಂಡರೆ ಸೊಳ್ಳೆ ಬದು ನೋಡಿ ಹಾರುತ್ತಾ? ಆದರೂ ಒಂದು ನಿಜ, ನೀರು ಕಡಿಮೆ ಕೊಟ್ಟ ವರ್ಷ ನಮ್ಮ ಊರಿನಲ್ಲಿ ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಸೊಳ್ಳೆ ಕಡಿಮೆ ಇತ್ತು. ಆಗ ಅದು ಬರಗಾಲದ ಒಂದೇ ಒಳ್ಳೆಯದು ಅಂದುಕೊಂಡಿದ್ದೆವು. ಈ ಸಲ ಒಂದು ಹತ್ತು ಗುಂಟೆಯಲ್ಲಿ ಮಾಡಿ ನೋಡುತ್ತೇನೆ.

ತೊಟ್ಟಿಮನೆ (ಮಂಡ್ಯ)

ಎಲ್ಲಾ ಓದಿದೆ. ಮಲೇರಿಯಾಗೂ ಸೊಳ್ಳೆಗೂ ಇರುವ ನಂಟು ತೋರಿಸಿದ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ, ನಿನ್ನೆ ರಾತ್ರಿ ಓದಿದ್ದು. ಆತ ಸೊಳ್ಳೆ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡಿದ್ದು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, 1902ರಲ್ಲಿ ನೊಬೆಲ್, ಇದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು 1883ರಲ್ಲಿ ಆತ ಬೆಂಗಳೂರಿನಲ್ಲಿದ್ದ. ತನ್ನ ಕಿಟಕಿ ಪಕ್ಕದ ಪೀಪಾಯಿಯಲ್ಲಿ ಮರಿ ಕಂಡು, ಅದನ್ನು ಬೋರಲು ಹಾಕಿಸಿದ, ಕೋಣೆಯಲ್ಲಿ ಸೊಳ್ಳೆ ಇಳಿಯಿತು. ಎಲ್ಲಾ ಪೀಪಾಯಿಗೂ ಹೀಗೇ ಮಾಡೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ, ದೇವರು ಸೊಳ್ಳೆಯನ್ನು ಏನೋ ಉದ್ದೇಶಕ್ಕೆ ಮಾಡಿದ್ದಾನೆ, ಸಹಿಸಿಕೊಳ್ಳಬೇಕು ಎಂದನಂತೆ. ನಮ್ಮ ಬೀದಿಯ ಕೆಲವರ ನೆನಪಾಯಿತು.

ಇವತ್ತು ಟಾರ್ಚ್ ಹಿಡಿದು ಹಿತ್ತಿಲ ಕಲ್ಲುತೊಟ್ಟಿ ನೋಡಿದೆ. ಇದೆ! ತಲೆ ಕೆಳಗೆ ಮಾಡಿ ನೇತಾಡುತ್ತಿವೆ, ಕೈ ಆಡಿಸಿದರೆ ಕುಣಿದುಕೊಂಡು ತಳಕ್ಕೆ ಹೋಗುತ್ತವೆ. ಇದು ಯಾವುದು ಅಕ್ಕಾ? ಒಂದು ಬಾಟಲಿಯಲ್ಲಿ ಹಿಡಿದಿಟ್ಟಿದ್ದೇನೆ.

ಚುಕ್ಕಿರೆಕ್ಕೆ (ಮೈಸೂರು)

ನೇತಾಡಿದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡಡ್ಡ ಮಲಗಿರುತ್ತದೆ. ಬಾಟಲಿ ಬಾಯಿಗೆ ಬಟ್ಟೆ ಕಟ್ಟಿ ನಾಲ್ಕೈದು ದಿನ ಇಡಿ. ಕಾಲಿನಲ್ಲಿ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆ ಹೊರಬಂದರೆ ನಿಮ್ಮ ಹಳೇ ಶತ್ರು.

ತೊಟ್ಟಿಮನೆ (ಮಂಡ್ಯ)

ತಡವಾಯಿತು ಅಕ್ಕಾ. ಮನೆಯವಳು ಬಾಟಲಿ ನೋಡಿ ಕಿರುಚಿ, ನೀರನ್ನು ಬಚ್ಚಲ ಮೋರಿಗೆ ಸುರಿದಿದ್ದಾಳೆ. ಮಗಳು ತೊಟ್ಟಿಯಿಂದ ಇನ್ನೊಂದು ಬಾಟಲಿ ಹಿಡಿದಿದ್ದಾಳೆ, ಅದನ್ನು ಸ್ಕೂಲ್ ಬ್ಯಾಗಿನ ಹಿಂದೆ ಬಚ್ಚಿಟ್ಟಿದ್ದೇವೆ.

ಗುಲಾಬಿ ಸೀರೆ

ಮೋರಿಗೆ ಸುರಿಯಬೇಡಿ, ಬಿಸಿಲಲ್ಲಿ ಒಣ ಮಣ್ಣಿಗೆ ಸುರಿಯಿರಿ, ಅಲ್ಲೇ ಸಾಯುತ್ತವೆ. ಮತ್ತೆ ಆ ಕಲ್ಲುತೊಟ್ಟಿ ಉಜ್ಜಿದಿರಾ ಇಲ್ಲವಾ?